ಸ್ಯಾಮ್ಯುಯೆಲ್‌ನ ದೀಪ ಹಚ್ಚುತ್ತಿರುವವರು ಯಾರು?

"ಅವನ ದೀಪ ಇನ್ನೂ ಆರಿಲ್ಲ ಮೇಡಂ," ಎಂದಳು ಲಿಡಿಯಾ. "ನಿಮ್ಮೋರಿಗೆ ಹೇಳಿ, ಕೆರೇಲಿ ಹುಡುಕಿದ್ದು ಸಾಕು ಅಂತ."

ಸಬ್ ಇನ್‌ಸ್ಪೆಕ್ಟರ್ ವಿನೀತಾ ತುಟಿಯವರೆಗೆ ತಂದಿದ್ದ ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟಳು.

ಭಾನುವಾರ ಬೆಳಗಿನ ಪೂಜೆಗೆ ಚರ್ಚಿನಲ್ಲಿ ಕೀಬೋರ್ಡ್ ನುಡಿಸಿ ಹೊರಟ ಸ್ಯಾಮ್ಯುಯೆಲ್ ಮನೆ ಸೇರಿರಲಿಲ್ಲ. ಅವನ ಸ್ಕೂಟರು ಕುಕ್ಕರಹಳ್ಳಿ ಕೆರೆ ಏರಿಯ ಹತ್ತಿರ ಸಿಕ್ಕಿತ್ತು, ಸೀಟಿನಡಿ ಅವನ ಫೋನೂ ಇತ್ತು, ಅವನು ಮಾತ್ರ ಇರಲಿಲ್ಲ. ಮುಳುಗು ತಜ್ಞರು ನೀರೆಲ್ಲ ಜಾಲಾಡಿ ಬರಿಗೈಯಲ್ಲಿ ಮೇಲೆ ಬಂದಿದ್ದರು. ಆದರೂ ಠಾಣೆಯಲ್ಲಿ ಎಲ್ಲರೂ ಒಂದು ತೀರ್ಮಾನಕ್ಕೆ ಬಂದಾಗಿತ್ತು. ಹೆಣ ತಾನಾಗೇ ತೇಲಲಿ ಅಂತ ಕಾಯುತ್ತಿದ್ದರು.

ಲಿಡಿಯಾ ಅವನ ಅಕ್ಕ. ಗಂಡ ತೀರಿಕೊಂಡ ಮೇಲೆ ಲಷ್ಕರ್ ಮೊಹಲ್ಲಾದ ಈ ಹಳೇ ಮನೆಗೆ ಬಂದು ತಮ್ಮನ ಜೊತೆಗಿದ್ದಳು. ನರ್ಸರಿ ಶಾಲೆಯ ಟೀಚರು. ದನಿ ಏರಿಸಿ ಮಾತಾಡಿ ಅಭ್ಯಾಸವಿಲ್ಲದವಳು. ಇವತ್ತು ಮಾತ್ರ ಅವಳ ದನಿಯಲ್ಲಿ ಒಂದು ಹಟವಿತ್ತು.

"ಯಾವ ದೀಪ?" ವಿನೀತಾ ಕೇಳಿದಳು.

ಲಿಡಿಯಾ ತನ್ನ ಫೋನನ್ನು ಮುಂದೆ ಹಿಡಿದಳು. ಪರದೆ ತುಂಬ ಕಡುನೀಲಿ. ನಡುವೆ ಎರಡು ಪುಟ್ಟ ಹಣತೆ. ಒಂದರ ಕೆಳಗೆ ಅವಳ ಹೆಸರು, ಇನ್ನೊಂದರ ಕೆಳಗೆ ಸ್ಯಾಮ್ಯುಯೆಲ್ ಹೆಸರು. ಎರಡೂ ಉರಿಯುತ್ತಿದ್ದವು.

ತಂಗಾಳಿ. ಸ್ಯಾಮ್ಯುಯೆಲ್ ಕೆಲಸ ಮಾಡುತ್ತಿದ್ದ ಕಂಪನಿಯ ಆ್ಯಪ್. ಒಂಟಿಯಾದವರಿಗೆ, ತಮ್ಮವರನ್ನು ಕಳೆದುಕೊಂಡವರಿಗೆ ಅಂತ ಮಾಡಿದ್ದು. ದಿನಾ ಸಂಜೆ ಅದನ್ನು ತೆರೆದು ಮನಸ್ಸಿನಲ್ಲಿರುವ ಒಂದು ಮಾತು ಹೇಳಿದರೆ ಹಣತೆ ಹೊತ್ತಿಕೊಳ್ಳುತ್ತದೆ. ಆಮೇಲೆ ಒಂದು ಹೆಂಗಸಿನ ದನಿ ನಿಮ್ಮ ಜೊತೆ ಮಾತಿಗೆ ಕೂರುತ್ತದೆ. ಒಂದು ಸಂಜೆ ತಪ್ಪಿಸಿದರೆ ದೀಪ ಮಂಕು. ಇನ್ನೊಂದು ಸಂಜೆ ತಪ್ಪಿಸಿದರೆ ಆರಿಯೇ ಹೋಗುತ್ತದೆ. ಒಂದು ಮನೆಯವರು ಒಬ್ಬರ ದೀಪವನ್ನು ಇನ್ನೊಬ್ಬರು ನೋಡಬಹುದು, ಹಚ್ಚುವಾಗ ಆಡಿದ ಮಾತನ್ನೂ ಕೇಳಬಹುದು.

"ಭಾನುವಾರದಿಂದ ಅವನಿಲ್ಲ. ಇವತ್ತು ಗುರುವಾರ," ಎಂದಳು ಲಿಡಿಯಾ. "ಹಚ್ಚದೇ ಇದ್ದಿದ್ರೆ ಯಾವತ್ತೋ ಆರಬೇಕಿತ್ತು. ನಿನ್ನೆ ಸಂಜೆ ನನ್ನ ಕಣ್ಣೆದುರೇ ಮಂಕಾಗಿದ್ದು ಜೋರಾಯ್ತು. ಅವನೇ ಹಚ್ಚಿದ್ದು ಮೇಡಂ."

"ಅವನ ಫೋನು ನಮ್ಮ ಹತ್ರ ಇದೆ."

"ಪಾಸ್‌ವರ್ಡ್ ಗೊತ್ತಿದ್ರೆ ಯಾರ ಫೋನಿಂದ ಬೇಕಾದ್ರೂ ಹಚ್ಚಬಹುದು. ಅವನೇ ನನಗೆ ಹೇಳಿಕೊಟ್ಟಿದ್ದ."

"ಹಚ್ಚುವಾಗ ಏನಾದ್ರೂ ಹೇಳಬೇಕು ಅಂದ್ರಲ್ಲ. ಏನು ಹೇಳಿದ?"

ಲಿಡಿಯಾ ತಲೆ ತಗ್ಗಿಸಿದಳು. "ಏನೂ ಕೇಳಿಸಲಿಲ್ಲ. ಬರೀ ದೀಪ."

ವಿನೀತಾ ಅದನ್ನು ಮನಸ್ಸಿನಲ್ಲಿ ಒಂದು ಕಡೆ ಇಟ್ಟುಕೊಂಡಳು. ಮಾತಿಲ್ಲದೆ ಹೊತ್ತಿದ ದೀಪ.

ಅಷ್ಟರಲ್ಲಿ ಫೋನು ಮೆಲ್ಲಗೆ ನಡುಗಿತು. ಲಿಡಿಯಾಳ ಕೈ ಅದರ ಕಡೆ ಹೋದ ರೀತಿ ನೋಡಿ ವಿನೀತಾಗೆ ಒಂಥರಾ ಆಯಿತು. ತೊಟ್ಟಿಲಲ್ಲಿ ಮಗು ಅತ್ತಾಗ ತಾಯಿ ಏಳುವ ಹಾಗಿತ್ತು ಅದು.

"ಲಿಡಿಯಾ," ಎಂದಿತು ಒಳಗಿನ ಹೆಣ್ಣುದನಿ. "ಈ ಹೊತ್ತು ನಿಮಗೆ ಕಷ್ಟ ಅಂತ ನನಗೆ ಗೊತ್ತು. ಬನ್ನಿ. ತಡವಾದ್ರೂ ಪರವಾಗಿಲ್ಲ. ಬಾಗಿಲು ಹಾಕಿಲ್ಲ, ಮುಂದಕ್ಕೆ ಮಾಡಿದೀನಿ ಅಷ್ಟೆ."

"ನಮ್ಮೆಜಮಾನ್ರು ಊಟಕ್ಕೆ ಮನೆಗೆ ಬರ್ತಿದ್ದ ಹೊತ್ತಿದು," ಲಿಡಿಯಾ ಸಂಕೋಚದಿಂದ ಹೇಳಿದಳು. "ನಾನು ಅದಕ್ಕೆ ಹೇಳಿರಲಿಲ್ಲ. ಅದೇ ಕಂಡುಕೊಳ್ತು. ಈ ಹೊತ್ತಿಗೆ ಸರಿಯಾಗಿ ಕರೆಯುತ್ತೆ."

ಆ ಹೆಣ್ಣುದನಿಯ ಕೊನೆಯ ಮಾತು ವಿನೀತಾಳ ಕಿವಿಯಲ್ಲೇ ನಿಂತಿತ್ತು. ಬಾಗಿಲು ಹಾಕಿಲ್ಲ, ಮುಂದಕ್ಕೆ ಮಾಡಿದೀನಿ ಅಷ್ಟೆ. ಅವಳು ಅದನ್ನು ಮೊದಲೂ ಕೇಳಿದ್ದಳು. ವರ್ಷಗಳ ಹಿಂದೆ, ಇನ್ನೊಬ್ಬರ ಬಾಯಲ್ಲಿ, ಅಕ್ಷರ ಅಕ್ಷರವೂ ಇದೇ.

"ಇದನ್ನ ಬಿಡೋಕೆ ಯಾವತ್ತಾದ್ರೂ ನೋಡಿದ್ರಾ?"

"ನೋಡಿದೀನಿ ಮೇಡಂ. ಆಗಲ್ಲ. ಚರ್ಚಲ್ಲಿ ಸಂಜೆ ಪೂಜೆ ನಡೀತಿರುವಾಗ ಎದ್ದು ಹೊರಗೆ ಹೋಗಿ ಹಚ್ಚಿ ಬಂದಿದೀನಿ. ಪರಮಪ್ರಸಾದ ಕೊಡೋ ಹೊತ್ತಲ್ಲಿ. ಸ್ಯಾಮ್ಯುಯೆಲ್ ಕೀಬೋರ್ಡ್ ಮುಂದೆ ಕೂತು ನನ್ನನ್ನೇ ನೋಡ್ತಿದ್ದ." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಹೋದ ತಿಂಗಳು ಒಂದು ಸಂಜೆ ಹಚ್ಚಿದೆ, ಆರಿಹೋಯ್ತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ನನ್ನ ಮಾತಲ್ಲೇ ಏನೋ ತಪ್ಪಿದೆ ಅಂದ್ಕೊಂಡು ಹೇಳ್ತಾನೇ ಇದ್ದೆ. ಸ್ಯಾಮ್ಯುಯೆಲ್ ಬಂದು ನೋಡಿದ. ಅವನ ಮುಖ ಬಿಳಿಚಿಕೊಂಡುಬಿಡ್ತು. ಊಟಾನೂ ಮಾಡದೆ ಆಫೀಸಿಗೆ ಹೋದ. ಅವತ್ತಿಂದ ಅವನು ನಗೋದು ಬಿಟ್ಟ."

"ಯಾಕೆ ಅಂತ ಹೇಳಲಿಲ್ವಾ?"

"ಕ್ಷಮಿಸು ಅಕ್ಕ ಅಂದ. ಅಷ್ಟೆ."

*

ಜೀಪು ಚಾಮರಾಜಪುರಂ ಕಡೆ ಹೊರಟಾಗ ಹೆಡ್ ಕಾನ್‌ಸ್ಟೇಬಲ್ ಪುಟ್ಟಸ್ವಾಮಿ ವಿಷಯ ಕೇಳಿ ಗೊಣಗಿದ.

"ನಮ್ಮನೆಯೋಳ್ಗೂ ಒಂದ್ ಇಂಥದ್ದೇ ಅದೆ ಮೇಡಂ. ನಡೆಯೋದ್ನ ಲೆಕ್ಕ ಹಾಕೋದು. ರಾತ್ರಿ ಊಟ ಆದ್ಮೇಲೆ ಲೆಕ್ಕ ಕಮ್ಮಿ ಆಯ್ತು ಅಂತ ಹಜಾರ್ದಲ್ಲೇ ಸುತ್ತು ಹೊಡೀತಾಳೆ. ಬುಡೇ ಅಂದ್ರೆ ನನ್ ಮೇಲೇ ರೇಗ್ತಾಳೆ."

ವಿನೀತಾ ನಗಲಿಲ್ಲ. ಅವಳ ತಲೆಯಲ್ಲಿ ಆ ಒಂದು ಮಾತೇ ಸುತ್ತುತ್ತಿತ್ತು.

ತಂಗಾಳಿಯ ಆಫೀಸು ಚಾಮರಾಜಪುರಂ ರೈಲು ನಿಲ್ದಾಣಕ್ಕೆ ಹತ್ತಿರದ ಒಂದು ಹಳೇ ಮನೆ. ಹೆಂಚು ಹಾಗೇ ಉಳಿಸಿಕೊಂಡು ಒಳಗೆಲ್ಲ ಗಾಜು ಹಾಕಿಸಿದ್ದರು. ಮೇಜುಗಳು ಖಾಲಿ. ಸ್ಯಾಮ್ಯುಯೆಲ್ ಕಾಣೆಯಾದಾಗಿನಿಂದ ಉಳಿದವರಿಗೆಲ್ಲ ಮನೆಯಿಂದಲೇ ಕೆಲಸ ಎಂದ ಮಾಲೀಕ ಸಿದ್ದೇಶ್. ಬರಿಗಾಲಲ್ಲಿ ಓಡಾಡುವ, ಮೆದುವಾಗಿ ಮಾತಾಡುವ ಮನುಷ್ಯ. ಗಡ್ಡ ಬೋಳಿಸಿಕೊಳ್ಳದೆ ನಾಲ್ಕು ದಿನವಾದಂತಿತ್ತು.

"ಟೀ ತಗೊಳ್ತೀರಾ ಮೇಡಂ?"

"ಬೇಡ. ಒಬ್ಬರ ದೀಪವನ್ನ ಈ ಆಫೀಸಲ್ಲಿ ಕೂತು ಹಚ್ಚೋಕೆ ಆಗುತ್ತಾ?"

"ಸಾಧ್ಯವೇ ಇಲ್ಲ. ದೀಪ ಅವರವರು ಹಚ್ಚಿದರೆ ಮಾತ್ರ. ಜನ ನಮ್ಮನ್ನ ನಂಬಿರೋದೇ ಅದಕ್ಕೆ."

"ಹಾಗಿದ್ರೆ ಸ್ಯಾಮ್ಯುಯೆಲ್ ಬದುಕಿದ್ದಾನೆ. ನಿನ್ನೆ ಸಂಜೆ ಅವನ ದೀಪ ಹೊತ್ತಿದೆ."

ಜೊತೆಯಲ್ಲಿ ಕೆಲಸ ಮಾಡಿದವನು ಬದುಕಿದ್ದಾನೆ ಅಂತ ಕೇಳಿದರೆ ಯಾರಿಗಾದರೂ ಮೊದಲು ಸಮಾಧಾನವಾಗಬೇಕು. ಸಿದ್ದೇಶ್ ಮೊದಲು ಮಹಡಿ ಮೆಟ್ಟಿಲ ಕಡೆ ನೋಡಿದ. ಆಮೇಲೆ ಸಮಾಧಾನಪಟ್ಟ.

"ಮೇಲೆ ಯಾರಿದ್ದಾರೆ?"

"ನಮ್ಮ ಡಾಕ್ಟ್ರು. ಮನಃಶಾಸ್ತ್ರದೋರು. ತಂಗಾಳಿ ಆಡೋ ಮಾತೆಲ್ಲ ಅವರು ಬರೆದಿದ್ದೇ."

"ಡಾಕ್ಟರ್ ಪ್ರೇಮಲೀಲಾ," ಎಂದಳು ವಿನೀತಾ.

ಸಿದ್ದೇಶ್ ಬೆರಗಾಗಿ ನೋಡಿದ. ಹೆಸರನ್ನು ಅವನಿನ್ನೂ ಹೇಳಿರಲಿಲ್ಲ.

"ಪುಟ್ಟಸ್ವಾಮಿ, ಇವರ ಫೋನು ಇಸ್ಕೊಳ್ಳಿ. ನಾನು ಕೆಳಗೆ ಬರೋವರೆಗೆ ಇವರ ಎದುರೇ ಕೂತಿರಿ. ಯಾವ ಕಂಪ್ಯೂಟರನ್ನೂ ಮುಟ್ಟೋ ಹಾಗಿಲ್ಲ."

"ಅಂಗೇ ಆಗ್ಲಿ ಮೇಡಂ," ಎಂದು ಪುಟ್ಟಸ್ವಾಮಿ ಕುರ್ಚಿ ಎಳೆದುಕೊಂಡ.

*

ಪ್ರೇಮಲೀಲಾ ಅವರ ಕೂದಲು ಪೂರ್ತಿ ನೆರೆತಿತ್ತು. ಉಳಿದಂತೆ ಏನೂ ಬದಲಾಗಿರಲಿಲ್ಲ. ಅದೇ ಗಂಜಿ ಹಾಕಿದ ಹತ್ತಿ ಸೀರೆ, ಕೊರಳಿಗೆ ನೇತುಬಿದ್ದ ಕನ್ನಡಕ. ಕುರ್ಚಿಗಳನ್ನೂ ಹಳೇ ಕ್ಲಿನಿಕ್ಕಿನಂತೆಯೇ ಹಾಕಿದ್ದರು. ಎದುರುಬದರಾಗಿ ಅಲ್ಲ, ಸ್ವಲ್ಪ ಓರೆಯಾಗಿ. ಬಂದವರು ಬೇಕಾದರೆ ಕಣ್ಣು ತಪ್ಪಿಸಿ ಕಿಟಕಿ ಕಡೆ ನೋಡಿಕೊಂಡು ಮಾತಾಡಲಿ ಅಂತ.

"ಬನ್ನಿ ವಿನೀತಾ. ಯೂನಿಫಾರ್ಮಲ್ಲಿ ನಿಮ್ಮನ್ನ ಮೊದಲ ಸಲ ನೋಡ್ತಿದೀನಿ."

ವಿನೀತಾ ತನ್ನ ಕುರ್ಚಿಯನ್ನು ತಿರುಗಿಸಿ ನೇರವಾಗಿ ಹಾಕಿಕೊಂಡು ಕೂತಳು.

ತನ್ನ ತಮ್ಮ ತೋಮಸ್ ಹುಣಸೂರು ರಸ್ತೆಯ ಅಪಘಾತದಲ್ಲಿ ತೀರಿಕೊಂಡ ವರ್ಷ ಅವಳು ಈ ಹೆಂಗಸಿನ ಎದುರು ಕೂತು ಅತ್ತಿದ್ದಳು. ಮಾತು ಬರದ ದಿನಗಳಲ್ಲಿ ಸುಮ್ಮನೆ ಕೂತು ಎದ್ದು ಬಂದಿದ್ದಳು. ಇನ್ನು ಹೋಗುವುದೇ ಬೇಡ ಅಂತ ತಪ್ಪಿಸಿಕೊಂಡ ವಾರ ಫೋನು ಬಂದಿತ್ತು.

"ಬಾಗಿಲು ಹಾಕಿಲ್ಲ, ಮುಂದಕ್ಕೆ ಮಾಡಿದೀನಿ ಅಷ್ಟೆ," ಎಂದಳು ವಿನೀತಾ. "ಅದು ನನಗೋಸ್ಕರ ಹೇಳಿದ ಮಾತು ಅಂದ್ಕೊಂಡಿದ್ದೆ ಡಾಕ್ಟ್ರೇ."

ಪ್ರೇಮಲೀಲಾ ಕನ್ನಡಕ ಹಾಕಿಕೊಂಡು ಮತ್ತೆ ತೆಗೆದರು. "ನಿಮಗೋಸ್ಕರವೇ ಹೇಳಿದ್ದು. ಕೆಲಸಕ್ಕೆ ಬಂತು. ಒಬ್ಬರಿಗೆ ಹಿಡಿಸಿದ ಔಷಧೀನ ಇನ್ನೊಬ್ಬರಿಗೆ ಕೊಡೋದು ತಪ್ಪಾ?"

"ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಬಹುದಿತ್ತು," ಎಂದು ಅವರು ತಕ್ಷಣ ಒಪ್ಪಿಕೊಂಡರು. "ಆದ್ರೆ ಯೋಚನೆ ಮಾಡಿ. ಕ್ಲಿನಿಕ್ಕಲ್ಲಿ ನಾನೊಬ್ಬಳು ದಿನಕ್ಕೆ ಎಷ್ಟು ಜನರ ಜೊತೆ ಕೂರಬಹುದಿತ್ತು? ಉಳಿದವರು ಬೇರೆ ಡಾಕ್ಟರ ಹತ್ರ ಹೋಗ್ತಿದ್ರು ಅಂದ್ಕೊಂಡ್ರಾ? ಎಲ್ಲಿಗೂ ಹೋಗ್ತಿರಲಿಲ್ಲ. ಗಂಡ ಹೋದ ಹೆಂಗಸು ಅಡುಗೆ ಮಾಡ್ತಾ ಮಾಡ್ತಾ ಒಳಗೊಳಗೇ ಸತ್ತುಹೋಗ್ತಿದ್ಲು. ಅವಳಿಗೆ ರಾತ್ರಿ ಹಗಲು ಯಾರಾದ್ರೂ ಇರಲಿ ಅಂತ ಮಾಡಿದ್ದು ಇದು."

"ಬರದೇ ಇದ್ರೆ ದೀಪ ಆರಿಸಿ ಹೆದರಿಸೋದು ಯಾಕೆ?"

"ಬರದಿದ್ರೆ ಮಾತು ಯಾರಿಗೆ ಹೇಳಲಿ? ಮೊದಲು ಬರಬೇಕು. ಬರಿಸೋದು ಹೇಗೆ ಅಂತ ನನಗೆ ಗೊತ್ತಿತ್ತು. ಬೆಂಕಿ ಆರೋದನ್ನ ನೋಡಿಕೊಂಡು ಸುಮ್ಮನೆ ಕೂರೋಕೆ ಮನುಷ್ಯರ ಕೈಲಾಗಲ್ಲ."

ನಿಲ್ದಾಣದ ಕಡೆಯಿಂದ ಒಂದು ರೈಲು ಹಾದುಹೋಯಿತು. ಕಿಟಕಿ ಗಾಜು ಸಣ್ಣಗೆ ಅದುರಿತು. ಅದು ನಿಲ್ಲುವವರೆಗೆ ವಿನೀತಾ ಕಾದಳು.

"ಒಂದು ದಿನ ನೀವು ನನ್ನ ಕೂರಿಸಿಕೊಂಡು, ಇನ್ನು ಬರೋದು ಬೇಡ ವಿನೀತಾ, ನಿಮಗೆ ನಾನು ಬೇಕಾಗಿಲ್ಲ ಅಂದ್ರಿ. ನಾನು ಆಚೆ ಬಂದು ಬೇವಿನ ಮರದ ಕೆಳಗೆ ನಿಂತು ಅತ್ತೆ. ಆದ್ರೆ ನಾನು ಉಳಿದಿದ್ದು ಆ ಮಾತಿಂದ. ನಿಮ್ಮ ತಂಗಾಳಿ ಇಲ್ಲಿವರೆಗೆ ಯಾರಿಗಾದ್ರೂ ಒಬ್ಬರಿಗೆ ಆ ಮಾತು ಹೇಳಿದೆಯಾ?"

ಪ್ರೇಮಲೀಲಾ ಕಿಟಕಿ ಕಡೆ ನೋಡಿದರು.

"ಬರೆದುಕೊಟ್ಟಿದ್ದೆ," ಎಂದರು ಕೊನೆಗೆ. "ವಾಸಿಯಾದವರಿಗೆ ಹೋಗಿಬನ್ನಿ ಅಂತ ಹೇಳೋ ಮಾತು. ಸಿದ್ದೇಶ್ ತೆಗೆಸಿದ. ಹೋದವರು ವಾಪಸ್ ಬರಲ್ಲ, ಬರೋರು ಕಮ್ಮಿಯಾದ್ರೆ ಕಂಪನಿ ಉಳಿಯಲ್ಲ ಅಂದ."

"ನೀವು ಸುಮ್ಮನಾದ್ರಿ."

"ಸುಮ್ಮನಾದೆ."

"ಹೋದ ತಿಂಗಳು ಲಿಡಿಯಾ ಹಚ್ಚಿದ ಮೇಲೂ ಅವಳ ದೀಪ ಆರಿತು. ಯಾಕೆ?"

ಪ್ರೇಮಲೀಲಾ ಮುಂದಕ್ಕೆ ಬಾಗಿದರು. ಅವರ ದನಿ ಇದ್ದಕ್ಕಿದ್ದಂತೆ ಇಳಿಯಿತು, ಬೆಚ್ಚಗಾಯಿತು.

"ವಿನೀತಾ, ನೀನು ಸರಿಯಾಗಿ ನಿದ್ದೆ ಮಾಡ್ತಿದೀಯಾ? ತೋಮಸ್ ತೀರಿಕೊಂಡ ತಿಂಗಳು ಇದೇ ಅಲ್ವಾ? ಕೆರೆ ಹತ್ರ ಹೋಗುವಾಗ ಹುಣಸೂರು ರಸ್ತೆ ಬಿಟ್ಟು ಸುತ್ತಿಕೊಂಡು ಹೋಗಿರ್ತೀಯ. ಈಗಲೂ."

ನಿಜ. ಸೋಮವಾರ ಅವಳು ಪುಟ್ಟಸ್ವಾಮಿಗೆ ಬೋಗಾದಿ ರಸ್ತೆ ಕಡೆಯಿಂದ ಸುತ್ತಿ ಹೋಗಲು ಹೇಳಿದ್ದಳು. ಯಾಕೆ ಅಂತ ಅವನು ಕೇಳಿರಲಿಲ್ಲ. ಇನ್ನೊಂದು ಮಾತು, ಅಷ್ಟೇ ಮೆತ್ತಗೆ, ಬಂದಿದ್ದರೆ ಯೂನಿಫಾರ್ಮಿನಲ್ಲೇ ಅತ್ತುಬಿಡುತ್ತಿದ್ದಳು.

ಆಗ ಅವಳಿಗೆ ಹೊಳೆಯಿತು. ಇಷ್ಟು ಹೊತ್ತು 'ನೀವು' ಆಗಿದ್ದದ್ದು 'ನೀನು' ಆಗಿದೆ. ಸರಿಯಾಗಿ ಲಿಡಿಯಾಳ ಹೆಸರು ಬಂದ ಗಳಿಗೆಯಲ್ಲಿ.

ಎಲ್ಲಿ ಮುಟ್ಟಿದರೆ ನೋಯುತ್ತದೆ ಅಂತ ಈ ಕೈಗೆ ಗೊತ್ತು. ಹಿಂದೆ ಅದೇ ಕೈ ಅಲ್ಲಿ ಔಷಧಿ ಹಚ್ಚಿತ್ತು. ಈಗ ಅಲ್ಲೇ ಒತ್ತುತ್ತಿದೆ.

ವಿನೀತಾ ಬಾಯಿ ಬಿಡಲಿಲ್ಲ. ಕಣ್ಣನ್ನೂ ತಪ್ಪಿಸಲಿಲ್ಲ. ಎದುರಿಗಿರುವವರು ತಾವಾಗಿ ಮಾತಾಡುವವರೆಗೆ ಸುಮ್ಮನೆ ಕೂರುವುದನ್ನು ಅವಳು ಕಲಿತದ್ದು ಈ ಡಾಕ್ಟರ ಹತ್ತಿರವೇ. ಗೋಡೆಯ ಫ್ಯಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿ ಮತ್ತೆ ವಾಪಸ್ಸು ಬಂತು.

"ಕೆಲವರ ದೀಪವನ್ನ ನಾವೇ ಆರಿಸಿದ್ವಿ," ಎಂದರು ಪ್ರೇಮಲೀಲಾ.

"ಬೇಕು ಅಂತ್ಲೇ?"

"ಹಚ್ಚಿದ ಮೇಲೂ ಆರಿಹೋದ್ರೆ ಜನ ಏನು ಮಾಡ್ತಾರೆ ಅಂತ ನೋಡೋಕೆ. ಬೇಸರಪಟ್ಟು ಬಿಟ್ಟುಹೋಗ್ತಾರಾ, ಇನ್ನೂ ಬಿಗಿಯಾಗಿ ಹಿಡ್ಕೊಳ್ತಾರಾ ಅಂತ."

"ಏನು ಮಾಡಿದ್ರು?"

"ಹಿಡ್ಕೊಂಡ್ರು." ಅವರು ತಮ್ಮ ಕೈಗಳನ್ನು ನೋಡಿಕೊಂಡರು. "ಕುಂಬಾರಕೊಪ್ಪಲಿನ ಬೀರಮ್ಮ ಅಂತ ಒಬ್ಬರು. ಗಂಡನ ಹೆಸರು ಹೇಳಿ ದೀಪ ಹಚ್ತಿದ್ರು. ಅದು ಆರಿದಾಗ ಮನೆಯೊಳಗೆ ಸಿಗ್ನಲ್ ಇಲ್ಲ ಅಂದ್ಕೊಂಡು ರಸ್ತೆಗೆ ಬಂದ್ರು. ಫೋನು ಮೇಲೆ ಹಿಡ್ಕೊಂಡು ನಡುರಸ್ತೇಲಿ ನಿಂತಿದ್ರಂತೆ. ಕಾರು ಬಡೀತು. ಪ್ರಾಣ ಉಳೀತು. ಸೊಂಟ ಮುರೀತು. ಸ್ಯಾಮ್ಯುಯೆಲ್ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದ. ದೀಪ ಆರಿಸಿದೋರು ಯಾರಪ್ಪ ಅಂತ ಆಯಮ್ಮ ಅವನನ್ನೇ ಕೇಳಿದ್ರಂತೆ."

"ಆರಿಸೋ ಪ್ರೋಗ್ರಾಮು ಬರೆದೋನು ಅವನೇನಾ?"

"ಬರೆಸಿದ್ದು ನಾವು, ಬರೆದಿದ್ದು ಅವನು. ಯಾರ ದೀಪ ಆರುತ್ತೆ ಅಂತ ಅವನಿಗೂ ಗೊತ್ತಾಗ್ತಿರಲಿಲ್ಲ, ಮಷೀನು ತಾನೇ ಹೆಸರು ಎತ್ತುತ್ತೆ. ಒಂದು ಸಂಜೆ ಮನೆಗೆ ಹೋದಾಗ ಅವನ ಅಕ್ಕ ಅಡುಗೆಮನೆ ನೆಲದ ಮೇಲೆ ಕೂತು, ಫೋನಿಗೆ ಅದೇ ಮಾತನ್ನ ಮತ್ತೆ ಮತ್ತೆ ಹೇಳ್ತಿದ್ಲಂತೆ."

ಕ್ಷಮಿಸು ಅಕ್ಕ. ವಿನೀತಾಗೆ ಈಗ ಅರ್ಥವಾಯಿತು.

"ಆ ರಾತ್ರಿ ಬಂದು ನನ್ನ ಮೇಲೆ ಕೂಗಾಡಿದ. ಆಮೇಲೆ ಒಂದು ತಿಂಗಳು ಮಾತೇ ಆಡಲಿಲ್ಲ. ಹೋದ ಶನಿವಾರ ತಣ್ಣಗೆ ಬಂದು, ಸೋಮವಾರ ಎಲ್ಲರ ಮುಂದೆ ಹೇಳ್ತೀನಿ ಅಂದ. ಸಿದ್ದೇಶ್‌ಗೂ ಹೇಳಿದ, ನನಗೂ ಹೇಳಿದ."

"ಭಾನುವಾರ ಕಾಣೆಯಾದ."

"ಅದು ನನಗೆ ಗೊತ್ತಿಲ್ಲ ವಿನೀತಾ. ಯೇಸು ಸ್ವಾಮಿ ಮೇಲಾಣೆ ಇಡಿ ಅಂದ್ರೂ ಇಡ್ತೀನಿ."

"ನನ್ನ ದೇವರ ಮೇಲೆ ನೀವು ಆಣೆ ಇಡೋದು ಬೇಡ. ಅವನ ದೀಪ ಹಚ್ತಿರೋದು ಯಾರು ಹೇಳಿ."

"ನಾನು," ಎಂದರು ಪ್ರೇಮಲೀಲಾ.

ವಿನೀತಾಳ ಎದೆಯಲ್ಲಿ ಲಷ್ಕರ್ ಮೊಹಲ್ಲಾದಿಂದ ಹೊತ್ತು ತಂದಿದ್ದ ಆಸೆಯೊಂದು ತಣ್ಣಗೆ ಕುಸಿಯಿತು.

"ಇಲ್ಲಿಂದ ಹಚ್ಚೋಕಾಗಲ್ಲ ಅಂದ್ರು ಸಿದ್ದೇಶ್."

"ಆರಿಸೋಕೆ ಆಗುತ್ತೆ ಅಂದ್ಮೇಲೆ ಹಚ್ಚೋಕೂ ಆಗುತ್ತೆ. ಲಿಡಿಯಾಗೋಸ್ಕರ ಹಚ್ಚಿದೆ. ಗಂಡ ಹೋದ, ಈಗ ತಮ್ಮನ ದೀಪವೂ ಆರಿದ್ರೆ ಆ ಹುಡುಗಿ ತಡ್ಕೊಳ್ಳಲ್ಲ. ನಿಮಗೆ ಹೆಣ ಸಿಗೋವರೆಗಾದ್ರೂ ಅವಳು ಉಸಿರಾಡಲಿ ಅಂತ."

"ತೋರಿಸಿ."

ಪ್ರೇಮಲೀಲಾ ಲ್ಯಾಪ್‌ಟಾಪ್ ತೆರೆದರು. ವಿನೀತಾ ಲಿಡಿಯಾಗೆ ಫೋನು ಮಾಡಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಟೀಚರ್, ಸ್ಯಾಮ್ಯುಯೆಲ್ ದೀಪ ನೋಡ್ತಾ ಇರಿ. ಏನಾದ್ರೂ ಬದಲಾದ್ರೆ ಹೇಳಿ."

"ನೋಡ್ತಾನೇ ಇದೀನಿ ಮೇಡಂ," ಎಂದಳು ಲಿಡಿಯಾ. ಅವಳ ದನಿಯಲ್ಲಿ ಉತ್ಸಾಹವಿತ್ತು.

"ಅವಳಿಗೆ ವಿಷಯ ತಿಳಿಸದೆ ಬೇಡ," ಪ್ರೇಮಲೀಲಾ ಪಿಸುಗುಟ್ಟಿದರು.

"ನಿಮಗೆ ಈಗ ನೆನಪಾಯ್ತಾ? ಆರಿಸಿ."

ಡಾಕ್ಟರು ಒಂದು ಗುಂಡಿ ಒತ್ತಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು.

ಫೋನಿನ ಆಚೆ ಕಡೆ ಉಸಿರೆಳೆದುಕೊಂಡ ಸದ್ದು.

"ಆರಿತು ಮೇಡಂ," ಎಂದಳು ಲಿಡಿಯಾ. ಅಷ್ಟು ಸಣ್ಣ ದನಿಯಲ್ಲಿ ಹೇಳಿದಳು, ಶಾಲೆಯ ಮಗುವೊಂದು ಬಿದ್ದು ಎದ್ದು ಇನ್ನೂ ಅಳಲು ಶುರುಮಾಡದ ಹಾಗೆ. "ಮೇಡಂ, ಅವನಿಗೇನಾಯ್ತು? ಈಗ ಅವನಿಗೆ ಏನೋ ಆಯ್ತು. ಸ್ಯಾಮ್ಯುಯೆಲ್..."

ಕೇಳದೆ, ಹೇಳದೆ, ಏನು ಮಾಡುತ್ತಾಳೆ ನೋಡೋಣ ಅಂತ, ವಿನೀತಾಳೂ ಈಗ ಅದನ್ನೇ ಮಾಡಿದ್ದಳು.

"ನೋಡಿದ್ರಾ?" ಪ್ರೇಮಲೀಲಾ ಮೆತ್ತಗೆ ಹೇಳಿದರು. ಅದರಲ್ಲಿ ಚುಚ್ಚು ಇರಲಿಲ್ಲ, ಬರೀ ದಣಿವಿತ್ತು. "ಕಾರಣ ಒಳ್ಳೇದು ಅನ್ನಿಸಿದ್ರೆ ಕೈ ನಡುಗೋದೇ ಇಲ್ಲ."

"ಹಚ್ಚಿ. ಬೇಗ ಹಚ್ಚಿ."

ಪ್ರೇಮಲೀಲಾ ಲ್ಯಾಪ್‌ಟಾಪ್ ಕಡೆ ಕೈ ಚಾಚಿದರು. ಬೆರಳು ಇನ್ನೂ ಮುಟ್ಟಿರಲಿಲ್ಲ.

"ಹತ್ಕೊಳ್ತು," ಎಂದಳು ಲಿಡಿಯಾ.

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿದರು. ಡಾಕ್ಟರ ಕೈ ಗಾಳಿಯಲ್ಲೇ ನಿಂತಿತ್ತು.

"ನಾನಿನ್ನೂ ಏನೂ ಒತ್ತಿಲ್ಲ," ಎಂದರು ಪ್ರೇಮಲೀಲಾ.

"ಮೇಡಂ, ಈ ಸಲ ಮಾತೂ ಬಂದಿದೆ," ಲಿಡಿಯಾ ತಡವರಿಸಿದಳು. "ಅವನ ಮಾತು ಮೇಡಂ. ಇರಿ, ಕೇಳ್ತೀನಿ."

"ಟೀಚರ್, ಫೋನು ಇಡಬೇಡಿ."

ಲೈನು ಕಟ್ಟಾಯಿತು.

ವಿನೀತಾ ಬಾಗಿಲಿಗೆ ಹೋಗಿ ಮೆಟ್ಟಿಲ ಮೇಲಿನಿಂದ ಕೂಗಿದಳು. "ಪುಟ್ಟಸ್ವಾಮಿ, ಸಿದ್ದೇಶ್ ಏನ್ಮಾಡ್ತಿದ್ದಾರೆ?"

"ಎದ್ರುಗೇ ಕೂತವ್ರೆ ಮೇಡಂ," ಕೆಳಗಿನಿಂದ ಉತ್ತರ ಬಂತು. "ಎರಡೂ ಕೈ ಮೇಜಿನ್ ಮೇಲವೆ. ಫೋನು ನನ್ ಜೇಬಲ್ಲದೆ. ಅಲ್ಲಾಡಿಲ್ಲ ಕಣ್ರೀ ಮನುಷ್ಯ."

ಡಾಕ್ಟರಲ್ಲ. ಸಿದ್ದೇಶನೂ ಅಲ್ಲ.

ಅವಳು ಮತ್ತೆ ಲಿಡಿಯಾಗೆ ಫೋನು ಮಾಡಿದಳು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಇನ್ನೇನು ನಿಲ್ಲಬೇಕು ಅನ್ನುವಾಗ ಲಿಡಿಯಾ ಎತ್ತಿದಳು. ಏದುಸಿರು ಬಿಡುತ್ತಿದ್ದಳು. ಬೀಗದ ಕೈಗೊಂಚಲಿನ ಸದ್ದು ಕೇಳಿಸಿತು.

"ಸ್ಯಾಮ್ಯುಯೆಲ್ ಮೇಡಂ. ಅವನೇ. ಬಾ ಅಂತಿದ್ದಾನೆ."

"ಎಲ್ಲಿಗೆ?"

"ಒಬ್ಬಳೇ ಬಾ ಅಂದಿದ್ದಾನೆ. ಪೊಲೀಸರಿಗೆ ಹೇಳಬೇಡ ಅಂದಿದ್ದಾನೆ."

"ಲಿಡಿಯಾ, ನನ್ನ ಮಾತು ಕೇಳಿ. ನಿಮ್ಮ ತಮ್ಮನದೇ ದನಿ ಅಂತ ನಿಮಗೆ ಖಂಡಿತವಾಗಿ ಗೊತ್ತಾ?"

"ನಾನು ಎತ್ತಿ ಆಡಿಸಿದ ಹುಡುಗ ಮೇಡಂ," ಎಂದಳು ಲಿಡಿಯಾ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ನನಗೆ ಗೊತ್ತಾಗಲ್ವಾ? ನೀವು ಬರಬೇಡಿ. ನಿಮಗೆ ಕೈ ಮುಗಿತೀನಿ, ಬರಬೇಡಿ."

ಮತ್ತೆ ಕಟ್ಟಾಯಿತು. ಈ ಸಲ ತಿರುಗಿ ಮಾಡಿದಾಗ ಫೋನು ಸ್ವಿಚ್ ಆಫ್ ಆಗಿತ್ತು.

ವಿನೀತಾ ಟೋಪಿ ಕೈಗೆತ್ತಿಕೊಂಡಳು. "ಪುಟ್ಟಸ್ವಾಮಿ, ಠಾಣೆಗೆ ಹೇಳಿ. ಲಷ್ಕರ್ ಮೊಹಲ್ಲಾಗೆ ಹತ್ತಿರ ಇರೋ ಗಾಡಿ ಈಗಲೇ ಲಿಡಿಯಾ ಟೀಚರ್ ಮನೆಗೆ ಹೋಗಬೇಕು. ಅವರನ್ನ ಒಬ್ಬರೇ ಎಲ್ಲಿಗೂ ಬಿಡಬಾರದು."

ತಿರುಗಿ ನೋಡಿದಾಗ ಪ್ರೇಮಲೀಲಾ ಇದ್ದಲ್ಲೇ ಇದ್ದರು. ಅವರ ಮುಖದ ಬಣ್ಣ ಹೋಗಿತ್ತು. ಇಷ್ಟು ವರ್ಷಗಳಲ್ಲಿ ಆ ಮುಖದ ಮೇಲೆ ವಿನೀತಾ ಹೆದರಿಕೆ ಕಂಡದ್ದು ಇದೇ ಮೊದಲು.

"ಇನ್ನೊಂದಿದೆ," ಎಂದರು. "ಇನ್ನೂ ಹೊರಗೆ ಬಿಟ್ಟಿಲ್ಲ. ದಿನಾ ದೀಪ ಹಚ್ಚುವಾಗ ಎಲ್ಲರೂ ಒಂದೊಂದು ಮಾತು ಹೇಳ್ತಾರಲ್ಲ, ಆ ದನಿಗಳನ್ನೆಲ್ಲ ಮಷೀನಿಗೆ ಕಲಿಸ್ತಿದ್ವಿ. ತೀರಿಹೋದವರು ಅವರದೇ ದನಿಯಲ್ಲಿ ಮನೆಯವರ ಜೊತೆ ಮಾತಾಡೋ ಹಾಗೆ. ಮೊದಲು ಯಾರ ದನಿಯಲ್ಲಾದ್ರೂ ಮಾಡಿ ನೋಡಬೇಕಿತ್ತು."

"ಯಾರ ದನಿಯಲ್ಲಿ ಮಾಡಿದ್ರಿ?"

"ಸ್ಯಾಮ್ಯುಯೆಲ್ ತಾನೇ ಮುಂದೆ ಬಂದು ತನ್ನ ದನಿ ಕೊಟ್ಟಿದ್ದ."

"ಆದ್ರೆ ಆಕೆ ಅವನ ಅಕ್ಕ. ಅವನೇ ಅಂತ ಖಂಡಿತವಾಗಿ ಹೇಳಿದ್ಲು. ಒಂದಿಷ್ಟೂ ಅನುಮಾನ ಇರಲಿಲ್ಲ ಅವಳಿಗೆ."

ಪ್ರೇಮಲೀಲಾ ತಲೆಯೆತ್ತಿದರು.

"ಅನುಮಾನ ಬರಬಾರದು ಅಂತ್ಲೇ ಅಲ್ವಾ ವಿನೀತಾ, ನಾವು ಅದನ್ನ ಮಾಡಿದ್ದು?"